ಉಪಚಾರದ ಖೋಲಿ

ಬೋರ್ಡು ಏರಿದ ದಿನವೇ ಮೇಲಿನ ಮನೆಯ ಪ್ರಫುಲ್ಲಾ ತನ್ನ ಹಗ್ಗ ಬಿಚ್ಚಿಕೊಂಡಳು. ಎರಡೂ ಮನೆಯವರು ಬಟ್ಟೆ ಒಣಹಾಕುತ್ತಿದ್ದ ನೈಲಾನ್ ಹಗ್ಗ ಅದು. ಒಂದು ತುದಿ ಅವಳ ಗ್ಯಾಲರಿಯ ಸರಳಿಗೆ, ಇನ್ನೊಂದು ತುದಿ ಅಂಗಳದ ಬೇವಿನ ಗಿಡಕ್ಕೆ. ತ್ರಿವೇಣಿ ಹಿಂಡಿದ ಸೀರೆ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಾಗ ಗಿಡದ ತೊಗಟೆಯ ಮೇಲೆ ಹಗ್ಗ ಕೊರೆದ ಗುರುತು ಮಾತ್ರ ಉಳಿದಿತ್ತು.

"ಹಗ್ಗ ತೊಳಿಯಾಕ ತಗೊಂಡ್ರೇನ್ರೀ ವೈನಿ?" ಎಂದು ಆಕೆ ಮೇಲೆ ನೋಡಿ ಕೇಳಿದಳು.

"ತೊಳದ್ರ ಹೋಗೂವಂಥಾದ್ದಲ್ಲವ್ವ ಇದು," ಎಂದಳು ಪ್ರಫುಲ್ಲಾ, ಹಗ್ಗವನ್ನು ಮೊಣಕೈಗೆ ಸುತ್ತುತ್ತ. "ಮತ್ತ ಇನ್ನ ಮ್ಯಾಲೆ ನಿಮ್ಮ ಅಂಗಳದಾಗ ಹಗ್ಗ ಇರಬಾರದು. ನಿಮ್ಮಲ್ಲಿ ಬರೂ ಮಂದಿ ಒಬ್ರರೆ ಕುತ್ತಿಗಿಗೆ ಹಾಕ್ಕೊಂಡ್ರ, ಹಗ್ಗ ಯಾರದು ಅಂತ ಪೊಲೀಸರು ಮೊದಲ ಕೇಳ್ತಾರ."

ಆಡಬೇಕಾದ ಮಾತನ್ನು ತ್ರಿವೇಣಿ ಮೊದಲು ಬಾಯೊಳಗೇ ಒಮ್ಮೆ ಆಡಿ ನೋಡುವವಳು. ಅಷ್ಟರಲ್ಲಿ ಎದುರಿನವರು ಬಾಗಿಲು ಹಾಕಿಕೊಂಡಿರುತ್ತಿದ್ದರು. ಹಸಿ ಸೀರೆಯನ್ನು ಕಿಟಕಿಯ ಸರಳಿಗೆ ಹರವಿ ಒಳಗೆ ಬಂದಳು.

ಪುಣೆ ಹತ್ತಿರದ ಚಿಂಚವಾಡದ ರೈಲ್ವೆ ಸ್ಟೇಷನ್ನಿನ ಹಿಂದೆ ಇದ್ದ ಆ ಸಣ್ಣ ವಸತಿ ಸೊಸೈಟಿಯಲ್ಲಿ ಎಲ್ಲರೂ ನಮ್ಮ ಕಡೆಯವರೇ, ಬೆಳಗಾವಿ, ಧಾರವಾಡ, ಗೋಕಾಕದವರು. ಅಂಗಡಿಕಾರರು, ಕಂಪನಿಗಳ ಕ್ಲರ್ಕುಗಳು. ತ್ರಿವೇಣಿಯ ಗಂಡ ಮಾಂತು ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದ. ಮನೆ ಇದ್ದದ್ದು ಅವನ ತಾಯಿ ನಾಗವ್ವನ ಹೆಸರಿನಲ್ಲಿ. ಮುಂದಿನ ಖೋಲಿಯಲ್ಲಿ ಮಾವ ಕಿರಾಣಿ ಅಂಗಡಿ ಇಟ್ಟಿದ್ದರು. ಅವರು ತೀರಿದ ಮೇಲೆ ಶಟರ್ ಎಳೆದದ್ದು ಎಳೆದಂತೆಯೇ ಇತ್ತು. ಆ ಖೋಲಿಯ ಮೇಲೆ ಈಗ ಬಿಳಿ ತಗಡಿನಲ್ಲಿ ನೀಲಿ ಅಕ್ಷರದ ಮರಾಠಿ ಬೋರ್ಡು ಏರಿತ್ತು: ಮಾನಸಿಕ ಆರೋಗ್ಯ ಉಪಚಾರ ಕೇಂದ್ರ.

ಆ ಬೋರ್ಡು ಅಲ್ಲಿ ಉಳಿಯಬೇಕು ಎಂದು ಇಡೀ ಸೊಸೈಟಿಯಲ್ಲಿ ಬೇಡಿಕೊಳ್ಳುತ್ತಿದ್ದವಳು ತ್ರಿವೇಣಿ ಒಬ್ಬಳೇ. ಆದರೆ ಅದನ್ನು ಆಕೆ ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ಎರಡು ವರ್ಷದ ಹಿಂದೆ ಆಕೆಗೆ ಒಂದು ಕಾಯಿಲೆ ಹತ್ತಿತ್ತು. ಆಡಿದ ಮಾತು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಲಿನವನಿಗೆ 'ನಾಳೆ ಬೇಡ' ಎಂದರೆ ಸಾಕು, ಬೇಡ ಎಂದದ್ದು ಜೋರಾಯಿತೇ, ಅವನ ಮುಖ ಯಾಕೆ ಹಾಗಾಯಿತು, ನಾಳೆಯಿಂದ ಬರುವುದನ್ನೇ ಬಿಟ್ಟರೆ, ಓಣಿಯವರಿಗೆಲ್ಲ ಹೇಳಿದರೆ ಎಂದು ಬೀಸುವ ಕಲ್ಲಿನ ಹಾಗೆ ಅದು ತಿರುಗುತ್ತಲೇ ಇರುತ್ತಿತ್ತು. ನಿದ್ದೆ ಹೋಯಿತು, ಊಟ ಹೋಯಿತು. ಒಂದು ಮುಂಜಾನೆ ಸ್ಟೇಷನ್ನಿನಲ್ಲಿ ಲೋಕಲ್ ಬಂದು ನಿಂತು ಹೊರಟುಹೋಯಿತು. ಬೆಂಚಿನಿಂದ ಏಳುವುದು ಆಕೆಗೆ ಆಗಲಿಲ್ಲ. ಮಾಂತು ಬಂದು ಕರೆದೊಯ್ದ, ಮನೆಗಲ್ಲ, ಯೆರವಡಾದ ಮಾನಸಿಕ ಆಸ್ಪತ್ರೆಗೆ. ಅಲ್ಲಿಯ ಗುಳಿಗೆ ತಗೊಳ್ಳತೊಡಗಿದ ಮೇಲೆ ಕಲ್ಲು ಮೆಲ್ಲಗೆ ನಿಂತಿತು. "ಅವ್ವಗ ಮಾತ್ರ ಗೊತ್ತಾಗಬಾರದು," ಎಂದಿದ್ದ ಮಾಂತು. ಆಮೇಲೆ ಆ ವಿಷಯ ಅವನೂ ಎತ್ತಲಿಲ್ಲ.

ತಿಂಗಳಿಗೊಮ್ಮೆ ಆಕೆ ಶಿವಾಜಿನಗರದ ಗೆಳತಿ ಮಾಧುರಿಯ ಮನೆಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ ಲೋಕಲ್ ಹತ್ತುತ್ತಿದ್ದಳು. ಶಿವಾಜಿನಗರದಲ್ಲಿ ಇಳಿದು ಯೆರವಡಾದ ಬಸ್ಸು ಹಿಡಿಯುತ್ತಿದ್ದಳು. ಹೀಗೆ ನಡೆದುಕೊಂಡು ಬಂದಿತ್ತು. ಈಗ ಮಾಧುರಿಯ ಗಂಡನಿಗೆ ಸೋಲಾಪುರಕ್ಕೆ ವರ್ಗವಾಗಿತ್ತು. ದೀಪಾವಳಿ ಮುಗಿದರೆ ಮಾಧುರಿ ಇಲ್ಲ, ನೆಪವೂ ಇಲ್ಲ. ಹಿಂದೆ ಒಮ್ಮೆ ಗುಳಿಗೆ ತಪ್ಪಿದಾಗ ಕಲ್ಲು ಮತ್ತೆ ತಿರುಗಲು ಹೆಚ್ಚು ಹೊತ್ತು ಹಿಡಿದಿರಲಿಲ್ಲ ಎಂಬುದು ಆಕೆಗೆ ನೆನಪಿತ್ತು.

ಆಗಲೇ ಆಸ್ಪತ್ರೆಯಲ್ಲಿ ಒಂದು ಸುದ್ದಿ ಕಿವಿಗೆ ಬಿದ್ದದ್ದು. ಪಾಲಿಕೆಯ ದವಾಖಾನೆಗಳಲ್ಲಿ ಅಲ್ಲಿತನಕ ಜ್ವರ, ಬಸಿರು, ಲಸಿಕೆ ಇಷ್ಟೇ ಇತ್ತು. ಇನ್ನು ಮನಸ್ಸಿನ ಕಾಯಿಲೆಯನ್ನೂ ಸೇರಿಸುತ್ತಾರಂತೆ. ಒಂದು ಸಂಸ್ಥೆಯೂ ಕೈಜೋಡಿಸಿ ಓಣಿಗಳ ನಡುವೆಯೇ ಖೋಲಿ ಹಿಡಿಯುತ್ತದಂತೆ. ಗುಳಿಗೆ ಅಲ್ಲಿಯೇ ಸಿಗುತ್ತವೆ, ತಪ್ಪಿಸಿದವರ ಮನೆಗೆ ಸಿಸ್ಟರ್ ಹೋಗಿ ಬರುತ್ತಾಳೆ, ಗುಣವಾಗಿ ಮನೆಗೆ ಮರಳಿದವರು ಹಗಲು ಬಂದು ಕೂತು ಕೆಲಸ ಕಲಿಯುತ್ತಾರೆ. ಚಿಂಚವಾಡದಲ್ಲಿ ಜಾಗ ಮಾತ್ರ ಸಿಗುತ್ತಿಲ್ಲ. ಕೆಲಸ ಯಾವುದೆಂದು ಕೇಳಿದ ಕೂಡಲೇ ಮನೆಯವರು ಬಾಗಿಲು ಹಾಕುತ್ತಾರೆ.

ಶ್ರಾವಣದ ಒಂದು ಮಧ್ಯಾಹ್ನ ಸಂಸ್ಥೆಯ ಹೆಣ್ಣುಮಗಳು ನಾಗವ್ವನ ಮನೆಯ ಕದ ಬಡಿದಳು. ಹೆಸರು ವರದಾ, ಮರಾಠಿಯವಳು, ಹತ್ತಿ ಸೀರೆ, ಹೆಗಲಿಗೆ ಚೀಲ. ತ್ರಿವೇಣಿ ಆಕೆಯನ್ನು ಯೆರವಡಾದಲ್ಲಿ ಹಲವು ಸಲ ಕಂಡಿದ್ದಳು. ಆಕೆಯೂ ತ್ರಿವೇಣಿಯನ್ನು ಗುರುತಿಸಿದಳು, ಆದರೆ ಗುರುತನ್ನು ಕಣ್ಣಿಗೆ ಬರಗೊಡಲಿಲ್ಲ. ಹೊಸಬರ ಮನೆಗೆ ಬಂದವಳ ಹಾಗೆ ನಮಸ್ಕಾರ ಮಾಡಿದಳು.

ನಾಗವ್ವನ ಮರಾಠಿ ಸಂತೆಯ ಮರಾಠಿ. ಬದನೆಕಾಯಿ ಚೌಕಾಸಿ ಮಾಡಲು ಸಾಕಾಗುತ್ತಿತ್ತು, ಅದರಾಚೆ ಹೋಗುತ್ತಿರಲಿಲ್ಲ. ವರದಾ ಹೇಳುತ್ತ ಹೋದಳು, ನಡುನಡುವೆ ನಾಗವ್ವ ಸೊಸೆಯ ಕಡೆ ತಿರುಗಿ "ಏನಂತಾಳ?" ಎಂದು ಕೇಳಿದಳು.

"ಅಂಗಡಿ ಖೋಲಿ ಬೇಕಂತ್ರೀ ಅತ್ತಿ. ಮುಂಜಾನಿಂದ ಸಂಜಿತನ ಮಂದಿ ಬಂದು ಕೂಡ್ತಾರಂತ. ಕೈಗೆಲಸ ಕಲಿತಾರಂತ. ಮಾನಸಿಕ ಆರೋಗ್ಯ ಉಪಚಾರ ಕೇಂದ್ರ ಅಂತ."

"ಆರೋಗ್ಯ ಅಂದ್ರ ಚಲೋ ಮಾತಲಾ. ಮತ್ತ ಬಂದವರಿಗೆ ಉಪಚಾರ ಮಾಡೂವರು ಯಾರು?"

ತ್ರಿವೇಣಿಯ ನಾಲಿಗೆ ಅಲ್ಲಿ ಒಂದು ಗಳಿಗೆ ನಿಂತಿತು. ಮಾನಸಿಕ ಎಂಬ ಪುಸ್ತಕದ ಶಬ್ದ ಅತ್ತೆಯ ಕಿವಿಗೆ ಹತ್ತಿರಲಿಲ್ಲ. ಮರಾಠಿಯಲ್ಲಿ ಉಪಚಾರ ಅಂದರೆ ಚಿಕಿತ್ಸೆ. ಅತ್ತೆಯ ಊರಿನ ಕನ್ನಡದಲ್ಲಿ ಉಪಚಾರ ಅಂದರೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಚಾ ಕೊಟ್ಟು, ಉಂಡರೋ ಇಲ್ಲವೋ ಎಂದು ಕೇಳುವುದು. ಎರಡೂ ಒಂದೇ ಶಬ್ದ. ಧಾರವಾಡದಲ್ಲಿ ಬಿ.ಎ. ಓದಿದ ಸೊಸೆಗೆ ಇದು ಗೊತ್ತಿತ್ತು. ಅತ್ತೆಗೆ ಗೊತ್ತಿಲ್ಲ ಎಂಬುದೂ ಗೊತ್ತಿತ್ತು.

"ಅವರ ಮಾಡ್ತಾರ್ರೀ," ಎಂದಳು ತ್ರಿವೇಣಿ. ಸುಳ್ಳಲ್ಲ. ಒಂದು ಅಕ್ಷರವೂ ಸುಳ್ಳಲ್ಲ.

"ನಮ್ಮ ಖೋಲಿಗೆ ಬಂದವರಿಗೆ ಹೊರಗಿನವರು ಉಪಚಾರ ಮಾಡೂದು ಎಂಥಾದ್ದು," ಎಂದು ನಾಗವ್ವ ನಕ್ಕಳು. ಎದ್ದು ತಾಟಿನಲ್ಲಿ ಎಲೆ ಅಡಿಕೆ ಇಟ್ಟು ವರದಾಳ ಕೈಗೆ ಕೊಟ್ಟಳು. ಎಲೆ ಅಡಿಕೆ ಕೈ ಬದಲಾಯಿತೆಂದರೆ ಆ ಮನೆಯಲ್ಲಿ ಮಾತು ಮುಗಿದ ಹಾಗೆ. ವರದಾಗೆ ಅದು ತಿಳಿದಿರಲಿಲ್ಲ, ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು. ತ್ರಿವೇಣಿಗೆ ತಿಳಿದಿತ್ತು.

ನಾಗವ್ವನ ಬಗ್ಗೆ ಸೊಸೈಟಿಯಲ್ಲಿ ಒಂದು ಮಾತಿತ್ತು: ಈಕೆಗೆ ಸುಳ್ಳು ಹೇಳಲು ಬರುವುದಿಲ್ಲ. ಅದನ್ನು ಮೆಚ್ಚಿ ಹೇಳುವವರಿಗಿಂತ ಬೈದು ಹೇಳುವವರೇ ಹೆಚ್ಚು. ಚೇರ್ಮನ್ ರಾಮಲಿಂಗಪ್ಪ, ಸ್ಟೀಲ್ ಪಾತ್ರೆ ಅಂಗಡಿಯವನು, ಮಗಳ ಸಂಬಂಧದ ಮಾತಿಗೆ ಕೂತಿದ್ದಾಗ ಗಂಡಿನ ಕಡೆಯವರು ಹುಡುಗಿಯ ಸ್ವಭಾವ ಹೇಗೆ ಎಂದು ಪಕ್ಕದಲ್ಲಿದ್ದ ನಾಗವ್ವನನ್ನು ಕೇಳಿದ್ದರು. "ಹುಡುಗಿ ಚಲೋ, ಸಿಟ್ಟು ಬಂದ್ರ ಮಾತ್ರ ತಾಟ ಒಗಿತಾಳ," ಎಂದಿದ್ದಳು ನಾಗವ್ವ. ಸಂಬಂಧ ಮುರಿಯಿತು. ಪಾತ್ರೆ ಅಂಗಡಿಯವನ ಮಗಳಿಗೆ ಎಸೆಯಲು ತಾಟಿನ ಬರವೇನು ಎಂದು ಸೊಸೈಟಿಯವರು ಅವನ ಬೆನ್ನ ಹಿಂದೆ ನಕ್ಕರು. ರಾಮಲಿಂಗಪ್ಪ ಅದನ್ನು ಮರೆತಿರಲಿಲ್ಲ.

ಬೋರ್ಡು ಏರಿದ ಮೇಲೆ ಎಲ್ಲವೂ ಒಂದೊಂದಾಗಿ ಬಂದವು. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ನಾಗವ್ವನ ಮನೆಯ ವಾಲ್ವು ತಾನಾಗಿ ಮುಚ್ಚಿಕೊಂಡಿರುತ್ತಿತ್ತು. ಮಕ್ಕಳು ಅವರ ಅಂಗಳ ದಾಟುವಾಗ ಓಡಿ ದಾಟುತ್ತಿದ್ದರು, ಹಾಗೆ ಓಡಬೇಕೆಂದು ಯಾರೋ ಕಲಿಸಿದ ಹಾಗೆ. ಗಣಪತಿಯ ಆರತಿಗೆ ಹೋದಾಗ ತಾಟು ತ್ರಿವೇಣಿಯನ್ನು ಬಿಟ್ಟು ಮುಂದಿನವಳ ಕೈಗೆ ಹೋಯಿತು. ಒಂದು ಮುಂಜಾನೆ ಶಟರಿನ ಮೇಲೆ ಇದ್ದಿಲಿನಿಂದ ದಪ್ಪಗೆ ಬರೆದಿತ್ತು: ಯೆರವಡಾ ಶಾಖೆ.

ನಾಗವ್ವನಿಗೆ ದೇವನಾಗರಿ ಅಕ್ಷರ ಓದಲು ಬರುತ್ತಿರಲಿಲ್ಲ. "ಏನ ಬರದಾರ?" ಎಂದಳು.

"ಹುಡುಗೂರು ಏನರೆ ಗೀಚ್ಯಾವ್ರಿ," ಎಂದು ತ್ರಿವೇಣಿ ನಾರು ತಂದು ತಿಕ್ಕಿದಳು. ಇದ್ದಿಲು ಹೋಯಿತು, ಶಟರಿನ ಧೂಳು ಹೋಗಿ ಅದೇ ಅಕ್ಷರಗಳು ಬೆಳ್ಳಗೆ ಉಳಿದವು.

"ಮಂದಿಗೆ ನಮ್ಮ ಮ್ಯಾಲೆ ಇಷ್ಟ್ಯಾಕ ಉರಿ?" ಎಂದು ನಾಗವ್ವ ಮಗನನ್ನು ಕೇಳಿದಳು. "ಖೋಲಿ ಕೊಟ್ಟಿದ್ದಕ್ಕ ಹೊಟ್ಟಿಕಿಚ್ಚೇನು?"

ಮಾಂತು ಬೂಟಿನ ಲೇಸು ಕಟ್ಟುತ್ತಿದ್ದ. "ಬಾಡಿಗಿ ಬರ್ತದಲಾ, ಅದಕ್ಕ," ಎಂದ. ಹೊರಗೆ ಬಂದು ಹೆಂಡತಿಗೆ ಮೆಲ್ಲಗೆ ಹೇಳಿದ: "ನೀ ಹಚ್ಚಿದ ಬೆಂಕಿ ಇದು. ನನ್ನ ನಡುವ ಎಳೀಬ್ಯಾಡ." ಅವನ ಸೈಕಲ್ಲು ಗೇಟು ದಾಟುವ ತನಕ ತ್ರಿವೇಣಿ ಅವನ ಬೆನ್ನು ನೋಡುತ್ತ ನಿಂತಳು. ಅವನು ತಿರುಗಲಿಲ್ಲ.

ಶನಿವಾರ ವರದಾ ಖೋಲಿ ತೊಳೆಯಲು ಬಂದಳು, ಜೊತೆಗೆ ಸುಂದರ ಎಂಬ ನಡುವಯಸ್ಸಿನವನನ್ನು ಕರೆತಂದಿದ್ದಳು. ಮೊದಲು ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು, ಇಲ್ಲಿಗೆ ಬರಬೇಕಾದವರಲ್ಲಿ ಮೊದಲನೆಯವನು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಶಟರ್ ಎತ್ತಲು ಅವನು ಬಗ್ಗಿದ್ದ. ಮೇಲಿನಿಂದ ಒಂದು ಬಕೆಟ್ ನೀರು ಬಂತು, ನೆಲ ಒರೆಸಿದ ಕಪ್ಪು ನೀರು. ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಅಯ್ಯ, ಕಾಣಲಿಲ್ಲ," ಎಂದಳು ಪ್ರಫುಲ್ಲಾ ಗ್ಯಾಲರಿಯಿಂದ. "ನಮ್ಮ ನೀರು ನಾವು ಚೆಲ್ತೀವಿ, ಕೆಳಗ ಯಾರ ನಿಂತಾರ ಅಂತ ನೋಡ್ಕೋತ ಕೂಡಬೇಕೇನು?"

ಸುಂದರ ಮೇಲೆ ನೋಡಲಿಲ್ಲ. ಅಂಗಿಯ ಚುಂಗು ಹಿಂಡಿಕೊಂಡ, ಅಷ್ಟೇ. ನೋಡಿದ್ದು ನಾಗವ್ವ. ತನ್ನ ಹೊಸ್ತಿಲಿನಲ್ಲಿ, ತನ್ನ ಮನೆಗೆ ಬಂದವನ ಮೇಲೆ ಹೊಲಸು ನೀರು ಬಿದ್ದದ್ದನ್ನು ಆಕೆ ಕಣ್ಣಾರೆ ನೋಡಿದಳು. ಒಳಗಿನಿಂದ ಪಂಚೆ ತಂದು ಅವನ ಕೈಗೆ ಕೊಟ್ಟಳು, ಕಟ್ಟೆಯ ಮೇಲೆ ಕೂರಿಸಿ ಚಾ ಕೊಟ್ಟಳು. ಅವನು ಗ್ಯಾರೇಜಿನಲ್ಲಿ ಕಲಿತ ಹಿಂದಿಯಲ್ಲಿ ಕೇಳಿದ, "ಆಯಿ, ನಿಮಗೆ ನಮ್ಮ ಹೆದರಿಕೆ ಇಲ್ಲವಾ?"

"ಹೆದರಿಕಿ ಯಾಕ?" ಎಂದಳು ನಾಗವ್ವ ಸೊಸೆಯ ಮುಖ ನೋಡಿ.

"ನಾನು ಯೆರವಡಾದಲ್ಲಿದ್ದೆ," ಎಂದ ಸುಂದರ.

ಅಷ್ಟು ಹಿಂದಿ ನಾಗವ್ವನಿಗೂ ತಿಳಿಯುತ್ತಿತ್ತು. "ಜೇಲಿನ್ಯಾಗ?"

"ಅಲ್ಲ. ಇನ್ನೊಂದರಲ್ಲಿ."

ಪುಣೆಯಲ್ಲಿ ಇನ್ನೊಂದು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಗವ್ವನ ಕೈ ಚಾದ ಭಾಂಡೆಯ ಮೇಲೆಯೇ ನಿಂತಿತು. ಆಕೆ ಸುಂದರನನ್ನು ನೋಡಿದಳು, ಆಮೇಲೆ ಮೇಲಿನ ಬೋರ್ಡನ್ನು, ಕೊನೆಗೆ ತ್ರಿವೇಣಿಯನ್ನು. ಸುಂದರ ಲೋಟ ಕೆಳಗಿಟ್ಟು, ಪಂಚೆಯನ್ನು ಮಡಚಿ ಪಕ್ಕಕ್ಕಿಟ್ಟು, ಕಸಬರಿಗೆ ತಗೊಂಡು ಖೋಲಿಯೊಳಗೆ ಹೋದ. ಆ ನೋಟ ಅವನಿಗೆ ಹೊಸದಾಗಿರಲಿಲ್ಲ.

ಅವರಿಬ್ಬರೂ ಹೋದ ಮೇಲೆ ನಾಗವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಉಪಚಾರ ಅಂದ್ರ ಏನು?"

ತ್ರಿವೇಣಿ ಹಿಟ್ಟು ನಾದುತ್ತಿದ್ದಳು. "ಮರಾಠಿಯೊಳಗ ಔಷಧ ಕೊಡೂದಕ್ಕ ಹಂಗಂತಾರ್ರೀ. ನಮ್ಮ ಪುಸ್ತಕದಾಗೂ ಔಷಧೋಪಚಾರ ಅಂತ—"

"ಪುಸ್ತಕ ಕೇಳಲಿಲ್ಲ ನಾ. ಅವತ್ತ ನಿನಗ ಗೊತ್ತಿತ್ತು?"

"ಗೊತ್ತಿತ್ರೀ."

"ನನಗ ತಿಳದಿಲ್ಲ ಅನ್ನೂದೂ ಗೊತ್ತಿತ್ತು?"

ತ್ರಿವೇಣಿ ತಲೆ ಅಲ್ಲಾಡಿಸಿದಳು, ಹೌದು ಎಂದು.

"ಯಾಕ ಹೇಳಲಿಲ್ಲ?"

ಇದಕ್ಕೆ ಉತ್ತರ ಒಂದೇ ಇತ್ತು. ಅದನ್ನು ಹೇಳಿದರೆ ಎರಡು ವರ್ಷ ಮುಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ತ್ರಿವೇಣಿ ಬಾಯೊಳಗೆ ಆಡಿ ನೋಡಿದಳು. ಯಾವ ಮಾತನ್ನು ಮೊದಲು ಇಟ್ಟರೂ ಅದು ಹುಚ್ಚು ಎಂಬ ಶಬ್ದಕ್ಕೇ ಹೋಗಿ ಮುಟ್ಟುತ್ತಿತ್ತು. ಹಿಟ್ಟು ಬೆರಳಿಗೆ ಅಂಟಿ ಒಣಗತೊಡಗಿತು.

"ಎಲಿ ಅಡಿಕಿ ನನ್ನ ಕೈಲೆ ಕೊಡಿಸಿದಿ," ಎಂದಳು ನಾಗವ್ವ. ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಕುರಿ ಕಿವಿ ಹಿಡದು ಎಳಕೊಂಡು ಹೋದಂಗ ನನ್ನ ಎಳಕೊಂಡು ಹೋದಿ. ಏಳು. ನನ್ನ ರೊಟ್ಟಿ ನಾ ಬಡಕೋತೀನಿ."

ಅಂದು ಆಕೆ ಸೊಸೆಯ ಕೈಯಡಿಗೆ ಮುಟ್ಟಲಿಲ್ಲ. ತನಗೆ ಬೇಕಾದ ರೊಟ್ಟಿ ತಾನೇ ಬಡಿದುಕೊಂಡು, ಗೋಡೆಗೆ ಮುಖ ಮಾಡಿ ಕೂತು ತಿಂದಳು.

ಭಾನುವಾರ ಮುಂಜಾನೆ ರಾಮಲಿಂಗಪ್ಪನ ಮನೆಯ ಹಾಲ್‌ನಲ್ಲಿ ಸೊಸೈಟಿಯ ಮೀಟಿಂಗು. ಜಮಖಾನೆಯ ಮೇಲೆ ಗಂಡಸರು, ಗೋಡೆಗುಂಟ ಹೆಂಗಸರು. ನಾಗವ್ವ ಸೊಸೆಯ ಜೊತೆ ಮಾತಾಡದೆ ಮುಂದೆ ನಡೆದು ಬಂದಿದ್ದಳು. ಅದನ್ನು ಎಲ್ಲರೂ ನೋಡಿದರು. ಪ್ರಫುಲ್ಲಾಳ ಕಣ್ಣು ಮಿನುಗಿತು. ಹಿಂದಿನ ದಿನ ಕಟ್ಟೆಯ ಮೇಲೆ ನಡೆದ ಮಾತನ್ನು ಆಕೆ ಗ್ಯಾಲರಿಯಿಂದ ಕೇಳಿಸಿಕೊಂಡು ಚೇರ್ಮನ್ನನಿಗೆ ಮುಟ್ಟಿಸಿದ್ದಳು. ಮಾಂತು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತ.

"ನಮ್ಮದೇನು ಯಾರ ಮ್ಯಾಲೂ ಹಗೆತನ ಇಲ್ಲ," ಎಂದು ಶುರು ಮಾಡಿದ ರಾಮಲಿಂಗಪ್ಪ. "ಆಜಾರಿ ಮಂದಿಗೆ ಔಷಧ ಸಿಗಬೇಕು, ಖರೇ. ಸರಕಾರ ದೊಡ್ಡ ದವಾಖಾನಿ ಕಟ್ಟಿಸಿ ಇಟ್ಟದ, ಯೆರವಡಾದಾಗ ಬೇಕಾದಷ್ಟು ಜಾಗಾ ಅದ. ಅಲ್ಲಿ ಬಿಟ್ಟು ನಮ್ಮ ಹೆಣ್ಣುಮಕ್ಕಳು ನೀರು ತುಂಬೂ ಅಂಗಳದಾಗ ಯಾಕ? ನಾಳೆ ಒಬ್ಬಾಂವ ಕಲ್ಲು ಎತ್ತಿ ಒಗದ್ರ?"

"ತಾಟ ಒಗೆಯೋರು ನಮ್ಮೊಳಗೂ ಅದಾರ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಒಂದಿಬ್ಬರು ಕೆಮ್ಮಿದರು. ರಾಮಲಿಂಗಪ್ಪನ ಕಿವಿ ಕೆಂಪಾಯಿತು.

"ಚ್ಯಾಷ್ಟಿ ಸಾಕು. ನಾಗವ್ವಾರ, ನಿಮಗ ಒಂದ ಮಾತು ಕೇಳ್ತೀನಿ. ನೀವು ಸುಳ್ಳು ಹೇಳೂವರಲ್ಲ, ಅದು ನನಗ ಎಲ್ಲಾರಕಿಂತ ಚಲೋ ಗೊತ್ತದ. ಉಪಚಾರ ಅನ್ನೂದಕ್ಕ ಮರಾಠಿಯೊಳಗ ಏನರ್ಥ ಅಂತ ನಿಮಗ ತಿಳದಿರಲಿಲ್ಲ. ಚಾ ಪಾಣಿ ಅಂತ ತಿಳಕೊಂಡ್ರಿ. ಹೌದಲ್ರಿ? ಅಷ್ಟ ಹೇಳ್ರಿ. 'ನನಗ ತಿಳದಿರಲಿಲ್ಲ' ಅಂತ ನೀವು ಅಂದ್ರ ಸಾಕು, ಬೋರ್ಡು ಇವತ್ತ ಇಳಿತದ. ನಿಮ್ಮ ಮ್ಯಾಲೆ ಯಾರೂ ಒಂದ ಮಾತು ಆಡೂದಿಲ್ಲ. ನೀರೂ ಬರ್ತದ."

ನೀರೂ ಬರ್ತದ ಎಂದದ್ದು ಅವನ ಬಾಯಿ ತಪ್ಪಿ ಬಂದದ್ದು. ನಾಗವ್ವ ಅವನ ಮುಖವನ್ನೇ ನೋಡಿದಳು.

"ಅವರಿಗೆ ಹೆಂಗ ತಿಳಿಬೇಕ್ರಿ," ಎಂದಳು ಪ್ರಫುಲ್ಲಾ. "ಅವರದೇನೂ ತಪ್ಪಿಲ್ಲ ಪಾಪ. ಬಾಜೂಕ ಬಿ.ಎ. ಓದಿದಾಕಿ ಕುಂತಿದ್ಲಲ್ರಿ. ಆಕಿ ಯಾಕ ಬಾಯಿ ಮುಚ್ಚಿಕೊಂಡು ಕುಂತ್ಲು? ಆಕಿನ್ನ ಕೇಳ್ರಿ. ಆ ಸಂಸ್ಥೆದವರು ಆಕಿಗೆ ಏನ ಕೊಟ್ಟಾರ ಅಂತ ಕೇಳ್ರಿ. ಅತ್ತಿಗೆ ಮೋಸ ಮಾಡಿದ ಸೊಸಿ, ಇನ್ನೇನು."

ಎಲ್ಲರ ಮುಖವೂ ಒಂದೇ ಸಲ ತ್ರಿವೇಣಿಯ ಕಡೆ ತಿರುಗಿತು. ಆಕೆ ಗಂಡನನ್ನು ಹುಡುಕಿದಳು. ಮಾಂತು ಚಪ್ಪಲಿಯ ಸಾಲು ಎಣಿಸುವವನ ಹಾಗೆ ತಲೆ ಕೆಳಗೆ ಹಾಕಿದ್ದ. ಅತ್ತೆ 'ಹೌದು, ನನಗ ತಿಳದಿರಲಿಲ್ಲ' ಎಂದರೆ ಅದು ನಿಜ. ಆಕೆಗೆ ನಿಜವಲ್ಲದೆ ಬೇರೆ ಮಾತು ಗೊತ್ತಿಲ್ಲ. ಬೋರ್ಡು ಇಳಿಯುತ್ತದೆ, ದೀಪಾವಳಿ ಬರುತ್ತದೆ, ಮಾಧುರಿ ಹೋಗುತ್ತಾಳೆ, ಗುಳಿಗೆ ಮುಗಿಯುತ್ತವೆ. ತ್ರಿವೇಣಿಗೆ ದೂರದಲ್ಲಿ ಕಲ್ಲು ಒಂದು ಸುತ್ತು ತಿರುಗಿದ ಸದ್ದು ಕೇಳಿಸಿತು.

ನಾಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನನ್ನ ಸೊಸಿ ಹೇಳ್ಯಾಳ," ಎಂದಳು. "ಅವತ್ತ ಕುಂಡರಿಸಿಕೊಂಡು ಎಲ್ಲಾ ಬಿಡಿಸಿ ಹೇಳ್ಯಾಳ. ಎಂಥಾ ಮಂದಿ ಬರ್ತಾರ, ಯಾಕ ಬರ್ತಾರ, ಏನ ಔಷಧ ಕೊಡ್ತಾರ, ಒಂದೂ ಬಿಟ್ಟಿಲ್ಲ. ತಿಳಕೊಂಡ ಎಲಿ ಅಡಿಕಿ ಕೊಟ್ಟೀನಿ."

ಪ್ರಫುಲ್ಲಾ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಈ ಮಾತನ್ನು ಇನ್ಯಾರಾದರೂ ಆಡಿದ್ದರೆ ರಾಮಲಿಂಗಪ್ಪ ಅಲ್ಲೇ ಹರಿದು ಒಗೆಯುತ್ತಿದ್ದ. ಆದರೆ ಈಗತಾನೆ ಅವನೇ ಹೇಳಿದ್ದ, ನಾಗವ್ವ ಸುಳ್ಳು ಹೇಳುವವಳಲ್ಲ ಎಂದು. ಎಲ್ಲರ ಮುಂದೆ ಹೇಳಿದ್ದ.

"ನೀವು... ತಿಳದು ಕೊಟ್ರಿ?" ಎಂದ ಅವನು.

"ಮತ್ತೇನು, ಕುಡದು ಕೊಟ್ನೇನು? ಖೋಲಿ ನಂದು. ನನ್ನ ಕಟ್ಟಿಗೆ ಬಂದವನ ಮ್ಯಾಲೆ ನಿನ್ನಿ ಹೊಲಸ ನೀರು ಸುರವಿದ್ರಿ. ಆಂವ ಕಲ್ಲು ಎತ್ತಲಿಲ್ಲ, ಒಂದ ಮಾತು ಆಡಲಿಲ್ಲ. ಯಾರ ತಲಿ ಕೆಟ್ಟದ ಅಂತ ನಾ ಅಲ್ಲೇ ನೋಡೇನಿ." ಆಕೆ ನೆಲಕ್ಕೆ ಕೈಯೂರಿ ಎದ್ದಳು. "ನಾಳೆ ವಾಲ್ವು ಮುಚ್ಚಿದ್ರ ರಾಮಲಿಂಗಪ್ಪಾರ, ನಾ ಕೊಡಾ ತಗೊಂಡು ನಿಮ್ಮ ಅಂಗಡಿ ಮುಂದ ಬಂದು ನಿಂದರತೀನಿ. ಗಿರಾಕಿ ಕೇಳಿದ್ರ ಯಾಕ ಅಂತ ಖರೇ ಹೇಳ್ತೀನಿ. ನನಗ ಸುಳ್ಳು ಬರೂದಿಲ್ಲ, ನಿಮಗ ಗೊತ್ತದ."

"ಹಿಂಗ ಮಾಡಿದ್ರ ನಿಮ್ಮ ಮನಿಗೆ ಯಾರೂ ಬರೂದಿಲ್ಲ, ನೆನಪಿರಲಿ," ಎಂದ ರಾಮಲಿಂಗಪ್ಪ.

"ಬರಬ್ಯಾಡ್ರಿ. ಚಾಪುಡಿ ಉಳಿತದ."

ಮೆಟ್ಟಿಲು ಇಳಿಯುವಾಗ ಯಾರೂ ದಾರಿ ಬಿಡಲಿಲ್ಲ. ಅತ್ತೆ ಸೊಸೆ ಗೋಡೆಗೆ ಒತ್ತಿಕೊಂಡು ಇಳಿದರು. ಅವರ 'ಮನೆ ಜಾತಕ'ವನ್ನೆಲ್ಲ ಬಿಚ್ಚುವ ಮಾತುಗಳು ಹಿಂದಿನಿಂದ ಬರುತ್ತಲೇ ಇದ್ದವು. ಮಾಂತು ಮೇಲೆಯೇ ಉಳಿದ, ಯಾರಿಗೋ ಸಮಾಧಾನ ಹೇಳುವವನ ಹಾಗೆ.

ನಾಗವ್ವ ಮನೆಯೊಳಗೆ ಹೋಗಲಿಲ್ಲ. ತೊಳೆದ ಖೋಲಿಯ ಶಟರನ್ನು ಅರ್ಧ ಎತ್ತಿಸಿ, ಬಗ್ಗಿ ಒಳಗೆ ಹೋಗಿ, ಗಂಡ ಕೂಡುತ್ತಿದ್ದ ಹಲಗೆಯ ಮೇಲೆ ಕೂತಳು. ಸೊಂಟದ ಚೀಲದಿಂದ ಅಡಿಕೆ, ಅಡಕತ್ತರಿ ತೆಗೆದಳು. ನೆಲ ಇನ್ನೂ ಫಿನಾಯಿಲ್ ನಾರುತ್ತಿತ್ತು. ಮೂಲೆಯಲ್ಲಿ ಸುಂದರ ಒರೆಸಿ ಸಾಲಾಗಿ ಇಟ್ಟುಹೋದ ಸ್ಟೂಲುಗಳು.

"ಅತ್ತೀ, ನನ್ನ ಸಲುವಾಗಿ ನೀವು—"

"ನಿನ್ನ ಸಲುವಾಗಿ ಅಲ್ಲ," ಎಂದು ನಾಗವ್ವ ಮಾತು ಕತ್ತರಿಸಿದಳು. "ನಮ್ಮ ಮನಿ ಸೊಸಿಗೆ ಮಂದಿ ಕೈಲೆ ಮೋಸಗಾರ್ತಿ ಅನಿಸೂ ಹೆಂಗಸಲ್ಲ ನಾ. ಅನ್ನೂದಿದ್ರ ನಾ ಅಂತೀನಿ, ಮನ್ಯಾಗ. ನಿನ್ನ ಮ್ಯಾಲಿನ ಸಿಟ್ಟು ಒಂದ ಗುಲಗಂಜಿ ಇಳದಿಲ್ಲ."

ಅಡಕತ್ತರಿಯ ನಡುವೆ ಅಡಿಕೆ ಟಕ್ಕೆಂದು ಎರಡಾಯಿತು.

"ಹುಟ್ಟಿದಾಗಿಂದ ಸುಳ್ಳು ಆಡಿರಲಿಲ್ಲ. ಮಂದಿ ಹೆಣ್ಣಿನ ಸಂಬಂಧ ಮುರಿದ್ರೂ ಆಡಿರಲಿಲ್ಲ. ಇವತ್ತ ಆಡೇನಿ, ಅಷ್ಟು ಮಂದ್ಯಾಗ. ಆ ಸುಳ್ಳು ಹೊತ್ಕೊಂಡು ನಾ ಕೂಡೂದಿಲ್ಲ. ಅದನ್ನ ಖರೇ ಮಾಡೂದು ನಿನ್ನ ಕೆಲಸ."

"ಹೆಂಗ್ರೀ ಅತ್ತಿ?"

"ನನ್ನ ಸೊಸಿ ಕುಂಡರಿಸಿಕೊಂಡು ಎಲ್ಲಾ ಬಿಡಿಸಿ ಹೇಳ್ಯಾಳ ಅಂತ ಅಂದೇನಿ. ಕುಂತೇನಿ. ಹೇಳು."

ತ್ರಿವೇಣಿ ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಪಾಲಿಕೆ, ಸಂಸ್ಥೆ, ಸಿಸ್ಟರ್ ಮನೆಮನೆಗೆ ಹೋಗುವುದು, ಗುಳಿಗೆ ತಪ್ಪಿದರೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಿದಳು. ಉಪಚಾರ ಎಂಬ ಶಬ್ದವನ್ನು ಎರಡು ಹೋಳು ಮಾಡಿ, ಇದು ಅವರದು, ಇದು ನಮ್ಮದು ಎಂದು ತೋರಿಸಿದಳು. ನಾಗವ್ವ ಕೇಳಿಸಿಕೊಳ್ಳುತ್ತ ಅಡಿಕೆ ಕತ್ತರಿಸುತ್ತಲೇ ಇದ್ದಳು.

"ಇದು ಆ ವರದಾನೂ ಹೇಳ್ತಿದ್ದಳು," ಎಂದಳು ಕೊನೆಗೆ. "ನಿಂದ ಉಳದದ. ಯಾಕ ಮುಚ್ಚಿಟ್ಟಿ? ಮಂದಿ ಅಂದಂಗ ಅವರು ನಿನಗ ಏನರೆ ಕೊಡ್ತಾರೇನು?"

"ಹೌದ್ರೀ."

ಕತ್ತರಿ ನಿಂತಿತು. "ಏನ ಕೊಡ್ತಾರ?"

ಮೇಲೆ ಪ್ರಫುಲ್ಲಾ ಏನನ್ನೋ ದರದರ ಎಳೆದಾಡುತ್ತಿದ್ದಳು, ಬೇಕೆಂದೇ. ಡಾಕ್ಟರು ಇಟ್ಟ ಹೆಸರು ಇಂಗ್ಲಿಷಿನದು, ಅದು ಅತ್ತೆಗೆ ತಿಳಿಯದು. ಈ ಓಣಿಯ ಕನ್ನಡದಲ್ಲಿ ಇದ್ದದ್ದು ಒಂದೇ ಶಬ್ದ, ಅದನ್ನು ತ್ರಿವೇಣಿ ಬಾಯಿಗೆ ತರಲಾರಳು. ಈ ಸಲ ಆಕೆ ಮಾತನ್ನು ಬಾಯೊಳಗೆ ಆಡಿ ನೋಡಲಿಲ್ಲ.

"ಗುಳಿಗಿ ಕೊಡ್ತಾರ್ರೀ. ತಿಂಗಳಾ ನಾ ಹೋಗೂದು ಮಾಧುರಿ ಮನಿಗೆ ಅಲ್ರೀ ಅತ್ತಿ."

ನಾಗವ್ವ ಸೊಸೆಯ ಮುಖವನ್ನು ನೋಡಿದಳು. ಸಿಟ್ಟು ಹಾಗೆಯೇ ಇತ್ತು. ಅದರ ಪಕ್ಕಕ್ಕೆ ಇನ್ನೊಂದು ಏನೋ ಬಂದು ಕೂತಿತ್ತು, ಏನೆಂದು ತ್ರಿವೇಣಿಗೆ ತಿಳಿಯಲಿಲ್ಲ. ಆಮೇಲೆ ಆಕೆ ಕತ್ತರಿಸಿದ ಅಡಿಕೆಯನ್ನೆಲ್ಲ ಸೆರಗಿನಿಂದ ಒಂದು ಕಡೆ ಸರಿಸಿದಳು.

"ಶಟರ್ ಪೂರಾ ಎಳಿ," ಎಂದಳು.

ತ್ರಿವೇಣಿ ಎದ್ದು ಎಳೆದಳು. ಓಣಿಯ ಬೆಳಕು ನೆಲದವರೆಗೆ ಇಳಿದು ಕಡಿದುಹೋಯಿತು.

"ಎಳದಿಯೇನು?"

"ಎಳದೇನ್ರೀ."

"ಹೇಳು ಮತ್ತ. ಮೊದಲಿಂದ ಹೇಳು. ಅವತ್ತ ಬಿಟ್ಟಂಗ ಒಂದ ಶಬ್ದ ಬಿಟ್ಟೀ, ನೋಡು."